ಕೈಮಾತು ಕಲಿತವರು

ನಮ್ಮಪ್ಪನ ಕಿವಿ ತೆರೆಯಲಿ ಎಂದು ಪ್ರಾರ್ಥನಾ ಮನೆಯವರು ಹನ್ನೊಂದು ವರ್ಷ ಬಿಡದೆ ಬೇಡಿಕೊಂಡರು. ವಾರಕ್ಕೊಂದು ಸಲ, ಕೊನೆಯ ಹಾಡಿಗೆ ಮುಂಚೆ, ಬೋಧಕರು ಕೆಳಗಿಳಿದು ಬಂದು ಅಪ್ಪನ ತಲೆಯ ಮೇಲೆ ಕೈ ಇಡುತ್ತಿದ್ದರು. ನಲವತ್ತು ಜನ ಕಣ್ಣು ಮುಚ್ಚುತ್ತಿದ್ದರು. ಬಿಟ್ಟ ಕಣ್ಣು ಬಿಟ್ಟಂತೆ ಇರುತ್ತಿದ್ದವರು ಇಬ್ಬರೇ. ಅಪ್ಪನಿಗೆ ಏನು ನಡೀತಿದೆ ಎಂದು ಗೊತ್ತಿರಲಿಲ್ಲ, ಹುಟ್ಟು ಕಿವುಡ. ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ.

"ಏನಂತಿದ್ದಾರೆ?" ಎಂದು ಅಪ್ಪ ಪ್ರತಿ ಸಲ ಕೈಯಲ್ಲಿ ಕೇಳುತ್ತಿದ್ದ.

"ನೀನು ಹೆಣೆದ ಕುರ್ಚಿ ಗಟ್ಟಿಯಾಗಿದೆಯಂತೆ. ನಿನಗೆ ಒಳ್ಳೇದಾಗಲಿ ಅಂತಿದ್ದಾರೆ" ಎಂದು ನಾನೂ ಕೈಯಲ್ಲೇ ಹೇಳುತ್ತಿದ್ದೆ. ಅಪ್ಪ ಬೀಗುತ್ತಿದ್ದ. ಅಲ್ಲಿನ ಬೆತ್ತದ ಕುರ್ಚಿಗಳೆಲ್ಲ ಅವನು ಹೆಣೆದವೇ. ನಾನು ಕಡ್ಡಿ ಮುರಿದಂತೆ ಮಾತಾಡುವವಳು, ಆದರೆ ಈ ಒಂದು ಸುಳ್ಳನ್ನು ಹನ್ನೊಂದು ವರ್ಷ ಸಾಕಿಕೊಂಡು ಬಂದೆ. ಅಪ್ಪ ತನ್ನನ್ನು ರೋಗಿ ಎಂದುಕೊಂಡವನೇ ಅಲ್ಲ. ನಿನ್ನನ್ನು ರಿಪೇರಿ ಮಾಡಲಿ ಎಂದು ಬೇಡುತ್ತಿದ್ದಾರೆ ಎಂದು ಅವನಿಗೆ ಯಾವ ಬಾಯಲ್ಲಿ, ಅಲ್ಲ, ಯಾವ ಕೈಯಲ್ಲಿ ಹೇಳಲಿ?

ನಮ್ಮ ಮನೆಯ ಮಾತು ಕೈಮಾತು. ಅದನ್ನು ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಅಮ್ಮ ಮತ್ತು ಅಪ್ಪ ಒಂದೊಂದೇ ಗುರುತು ಕಟ್ಟಿ ಮಾಡಿಕೊಂಡದ್ದು. ಗಲ್ಲದಲ್ಲಿ, ಅವಳಿಗೆ ಮಚ್ಚೆ ಇದ್ದ ಕಡೆ, ಮುಟ್ಟಿದರೆ ಅಮ್ಮ. ಕೆನ್ನೆಗೆ ಬೆರಳು ಒತ್ತಿ ಗುಳಿ ಮಾಡಿದರೆ ನಾನು. ಊಟ, ಸಿಟ್ಟು, ನಾಳೆ, ಸಾಕು, ಬೆತ್ತ ನೆನೆದಿದೆಯಾ, ಆ ಗಿರಾಕಿ ಮಹಾ ಜಿಪುಣ, ಎಲ್ಲಕ್ಕೂ ಗುರುತಿತ್ತು. ನಾನೊಮ್ಮೆ ಲೆಕ್ಕ ಹಾಕಿದಾಗ ನಾನೂರರ ಮೇಲೆ ಬಂತು. ಅಮ್ಮ ತೀರಿಕೊಂಡ ಮೇಲೆ ಆ ಭಾಷೆ ಆಡುವವರು ಭೂಮಿಯ ಮೇಲೆ ನಾವಿಬ್ಬರೇ ಉಳಿದೆವು. ಪ್ರಾರ್ಥನಾ ಮನೆಗೆ ಹೋಗುವುದನ್ನು ಅಪ್ಪನಿಗೆ ಅಮ್ಮ ರೂಢಿ ಮಾಡಿಸಿದ್ದಳು. ಅವಳಿಲ್ಲದ ಮೇಲೂ ಅವನು ಬಿಡಲಿಲ್ಲ. ಆರು ದಿನ ಬೆತ್ತದ ಜೊತೆ ಕೂತವನಿಗೆ ಏಳನೇ ದಿನ ಮನುಷ್ಯರ ಮುಖ ನೋಡಬೇಕಿತ್ತು.

ಅಲ್ಲಿನವರು ಕೆಟ್ಟವರಲ್ಲ. ಅಪ್ಪ ಬಂದರೆ ಎದ್ದು ಜಾಗ ಕೊಡುತ್ತಿದ್ದರು, ಬೆನ್ನು ತಟ್ಟುತ್ತಿದ್ದರು, ಹಲ್ಲು ಕಾಣುವಷ್ಟು ನಗುತ್ತಿದ್ದರು. ಅಷ್ಟೇ. ಒಬ್ಬರಿಗೂ "ಊಟ ಆಯ್ತಾ" ಎಂದು ಕೇಳಲು ಬರುತ್ತಿರಲಿಲ್ಲ. ಅವರಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಒಬ್ಬರಿದ್ದರು. ಮೈದಾನದಲ್ಲಿ ಐನೂರು ಮಕ್ಕಳನ್ನು ನಿಲ್ಲಿಸಿದ ಗಂಟಲು. ಅವರು ಅಪ್ಪನ ಕಿವಿಗೆ ಬಾಯಿಟ್ಟು "ಚೆನ್ನಾಗಿದ್ದೀರಾ" ಎಂದು ಕೂಗುತ್ತಿದ್ದರು. ಇನ್ನೂ ಸ್ವಲ್ಪ ಜೋರಾಗಿ ಕೂಗಿದರೆ ಕೇಳಿಸೀತು ಎಂಬ ನಂಬಿಕೆ. ಅಪ್ಪ ಕಿವಿ ಒರೆಸಿಕೊಂಡು ನನ್ನ ಕಡೆ ತಿರುಗಿ "ಈ ಮನುಷ್ಯ ಉಗುಳುತ್ತಾನೆ" ಎನ್ನುತ್ತಿದ್ದ.

ನಾನು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕತ್ತಲೆ ಕೋಣೆಯ ಸಹಾಯಕಿ. ಆಗೆಲ್ಲ ಫಿಲ್ಮನ್ನು ಕತ್ತಲಲ್ಲಿ ತೊಳೆದು ಒಣಗಿಸಬೇಕಿತ್ತು. ಒಂದು ದಿನ ಮೇಲಧಿಕಾರಿ ಕಾಗದ ಕೊಟ್ಟರು. ಮೆಷಿನ್ ನಡೆಸಲು ಕಲಿಯಬೇಕು, ದೂರದ ಊರಲ್ಲಿ ಮೂರು ತಿಂಗಳ ತರಬೇತಿ, ರೈಲಿನಲ್ಲಿ ಹೆಚ್ಚುಕಡಿಮೆ ಒಂದು ದಿನದ ದಾರಿ. ಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು. ಮುಖ ನೋಡುತ್ತ ಮಾತಾಡುವ ಫೋನು ಇನ್ನೂ ಬಂದಿರಲಿಲ್ಲ. ಅಪ್ಪನಿಗೆ ಓದು ಬರಹ ಇಲ್ಲ.

"ಹೋಗು. ನನಗೇನು ಕೈಕಾಲು ಬಿದ್ದುಹೋಗಿದೆಯಾ" ಎಂದ ಅಪ್ಪ. ಅಡುಗೆ ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಅದರ ಚಿಂತೆ ಇರಲಿಲ್ಲ. ನನ್ನನ್ನು ಕೊರೆದದ್ದು ಬೇರೆ. ತೊಂಬತ್ತು ದಿನ ಈ ಮನುಷ್ಯನ ಹತ್ತಿರ ಯಾರೂ ಒಂದು ಮಾತು ಆಡುವುದಿಲ್ಲ, ಅವನ ಒಂದು ಮಾತು ಯಾರಿಗೂ ತಿಳಿಯುವುದಿಲ್ಲ. ಹೊಟ್ಟೆನೋವು ಬಂದರೆ ಹೇಳಿಕೊಳ್ಳುವುದು ಹೋಗಲಿ, ಇವತ್ತು ಸೆಕೆ ಜಾಸ್ತಿ ಎನ್ನುವುದಕ್ಕೂ ಜನ ಇಲ್ಲ.

ಗೆಳತಿಯರ ಹತ್ತಿರ ಹೇಳಿಕೊಂಡರೆ "ನಿಮ್ಮಪ್ಪ ಹೋಗೋ ಕಡೆ ಪ್ರೀತಿ ಪ್ರೀತಿ ಅಂತ ಬಾಯಿ ಬಡ್ಕೊಳ್ತಾರಲ್ಲ, ಅವರನ್ನೇ ಕೇಳು" ಎಂದು ಮೂಗು ಮುರಿದರು. ಹಾಳಾಗಲಿ ಅಂದುಕೊಂಡು, ಆಗಾಗ ಯಾರಾದರೂ ಅಪ್ಪನ ಜೊತೆ ಬಂದು ಕೂರುತ್ತೀರಾ ಎಂದು ಕೇಳಿದೆ. ಬೋಧಕರು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. ಆ ವಾರ ಸಭೆಯಲ್ಲಿ ಎದ್ದು, "ನಮ್ಮ ಕುರ್ಚಿ ಅಣ್ಣನ ಮಗಳು ಮೂರು ತಿಂಗಳು ಊರಲ್ಲಿರಲ್ಲ. ಅವರ ಕಿವಿ ಬೇಗ ತೆರೆಯಲಿ ಅಂತ ಈ ಸಲ ಎರಡರಷ್ಟು ಪ್ರಾರ್ಥನೆ ಮಾಡೋಣ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು.

"ನಿಲ್ಲಿಸ್ತೀರಾ?" ಎಂದು ಎದ್ದು ನಿಂತೆ. "ಹನ್ನೊಂದು ವರ್ಷದಿಂದ ಅದನ್ನೇ ಮಾಡ್ತಿದ್ದೀರಿ. ಗೋಡೆ ಮೇಲೆ ಮೊಳದುದ್ದ ಅಕ್ಷರದಲ್ಲಿ ಎಲ್ಲರನ್ನೂ ಪ್ರೀತಿಸಿ ಅಂತ ಬರೆಸಿದ್ದೀರಿ. ಹನ್ನೊಂದು ವರ್ಷದಲ್ಲಿ ಊಟ ಆಯ್ತಾ ಅಂತ ಕೇಳೋದನ್ನ ನಿಮ್ಮಲ್ಲಿ ಒಬ್ಬರಾದ್ರೂ ಕಲಿತ್ರಾ? ಎರಡು ಬೆರಳು ಬಾಯಿ ಹತ್ರ ತರ್ಬೇಕು, ಅಷ್ಟೇ. ಮೊದಲು ಅವನು ಸರಿಹೋಗ್ಬೇಕು, ಆಮೇಲೆ ನಿಮ್ಮ ಪ್ರೀತಿನಾ?"

ಅಪ್ಪ ನನ್ನ ಸೆರಗು ಎಳೆದು "ಯಾಕೆ ಬೈತಿದ್ದೀಯ?" ಎಂದ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲರೆದುರಿಗೇ ನಿಜ ಹೇಳಿದೆ. ಇವರು ಇಷ್ಟು ವರ್ಷ ನಿನ್ನ ಕುರ್ಚಿಯನ್ನು ಹೊಗಳಲಿಲ್ಲ, ನಿನ್ನ ಕಿವಿ ತೆರೆಯಲಿ ಎಂದು ಬೇಡುತ್ತಿದ್ದರು ಎಂದೆ. ಅಪ್ಪ ಸುತ್ತ ಒಂದು ಸಲ ನೋಡಿದ. ಅವನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ, ಅದಕ್ಕೆ ಅರ್ಧ ಕಾರಣ ನಾನೇ ಎಂದೂ ಗೊತ್ತಾಯಿತು. ಆಮೇಲೆ ಅವನು ಡ್ರಿಲ್ ಮೇಷ್ಟ್ರ ಕಡೆ ಬೆರಳು ಮಾಡಿ ಏನೋ ಹೇಳಿದ.

"ಏನಂದ್ರು?" ಎಂದರು ಬೋಧಕರು.

"ಕಿವಿ ತೆರೆದ್ರೆ ಇವರ ಹಾಡು ಕೇಳ್ಬೇಕಾಗುತ್ತೆ, ಬೇಡ ಅಂದ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಗಾಯಿತು. ಬೋಧಕರು ಪುಸ್ತಕ ಮುಚ್ಚಿ ಕೂತುಬಿಟ್ಟರು. ನಾನು ಅಪ್ಪನ ಕೈ ಹಿಡಿದುಕೊಂಡು ಹೊರಗೆ ಬಂದೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡು.

ನಮ್ಮ ಬಾಗಿಲ ಹೊರಗೆ ಒಂದು ದಾರ ಇದೆ. ಎಳೆದರೆ ಒಳಗೆ ಗೋಡೆಗೆ ತೂಗುಬಿಟ್ಟ ಕೆಂಪು ಬಟ್ಟೆ ಅಲ್ಲಾಡುತ್ತದೆ, ಅಪ್ಪನಿಗೆ ಯಾರೋ ಬಂದರು ಎಂದು ತಿಳಿಯುತ್ತದೆ. ಹೊರಗಿನವರು ಅದನ್ನು ಮುಟ್ಟಿದವರಲ್ಲ, ಬಾಗಿಲು ಬಡಿಯುವುದೇ ಅವರ ಪದ್ಧತಿ. ಮಾರನೇ ದಿನ ಸಂಜೆ ಬಟ್ಟೆ ಅಲ್ಲಾಡಿತು. ಬಾಗಿಲು ತೆರೆದರೆ ಡ್ರಿಲ್ ಮೇಷ್ಟ್ರು, ಅವರ ಹಿಂದೆ ಬೋಧಕರು, ಇನ್ನೂ ಹದಿನಾಲ್ಕು ಜನ. ಜಗಳಕ್ಕೇ ಬಂದರು ಎಂದು ನಾನು ಸೊಂಟಕ್ಕೆ ಕೈ ಇಟ್ಟೆ.

ಮೇಷ್ಟ್ರ ಕಂಕುಳಲ್ಲಿ ಒಂದು ನೋಟ್‌ಬುಕ್ ಇತ್ತು. "ತಪ್ಪಾಯ್ತಮ್ಮ" ಎಂದರು. ಅದನ್ನೂ ಬೀದಿಗೆಲ್ಲ ಕೇಳುವ ಹಾಗೇ ಹೇಳಿದರು. "ದೇವರ ಪಾಲಿನ ಕೆಲಸ ದೇವರಿಗೆ ಹೇಳ್ತಾ ಇದ್ವಿ, ನಮ್ಮ ಪಾಲಿಂದು ಮಾಡ್ಲಿಲ್ಲ. ಕಲಿಸು."

"ನಾನು ಹೊರಡೋಕೆ ಇನ್ನು ಇಪ್ಪತ್ಮೂರೇ ದಿನ, ಅಷ್ಟರಲ್ಲಿ ಏನು ಕಲೀತೀರಿ?"

"ಎಷ್ಟು ಬರುತ್ತೋ ಅಷ್ಟು. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾವು ಕೇಳ್ಲಿಲ್ಲ, ನಿಜ. ನೀನೂ ಒಂದು ದಿನ ಕಲಿಸ್ತೀನಿ ಅನ್ಲಿಲ್ಲ."

ಅಪ್ಪನಿಗೆ ಇರುವವಳು ನಾನೊಬ್ಬಳೇ ಎನ್ನುವುದರಲ್ಲಿ ನನಗೊಂದು ಜಂಬ ಇತ್ತು. ಅದನ್ನು ಯಾರೂ ಅಲ್ಲಿಯವರೆಗೆ ಎತ್ತಿ ಆಡಿರಲಿಲ್ಲ. ಒಳಗೆ ಬನ್ನಿ ಎಂದೆ.

ಎಲ್ಲರೂ ಉಳಿದರು ಎಂದರೆ ಸುಳ್ಳಾಗುತ್ತದೆ. ನಾಲ್ಕನೇ ದಿನಕ್ಕೆ ಮೂವರು ಕೈಕೊಟ್ಟರು. ಇನ್ನಿಬ್ಬರು, ಕಿವಿಯ ಪ್ರಾರ್ಥನೆ ನಿಲ್ಲಿಸಿದ್ದು ದೇವರ ಮೇಲೆ ಅನುಮಾನ ಪಟ್ಟ ಹಾಗೆ ಎಂದು ಮುನಿಸಿಕೊಂಡು ಹೋದರು. ಉಳಿದವರು ಹನ್ನೊಂದು ಜನ. ದಿನವಿಡೀ ದುಡಿದು, ಸಂಜೆ ಆರಕ್ಕೆ ಸರಿಯಾಗಿ ನಮ್ಮ ಮನೆಯ ನೆಲದ ಮೇಲೆ, ಬೆತ್ತದ ಚೂರುಗಳ ನಡುವೆ, ಒಂದನೇ ತರಗತಿ ಮಕ್ಕಳಂತೆ ಕೂರುತ್ತಿದ್ದರು. ಮೊದಮೊದಲು ನಾನು ಹೇಳಿಕೊಡುತ್ತಿದ್ದೆ. ಒಂದು ವಾರ ಆದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಮೇಷ್ಟ್ರಾದ. ಬೋಧಕರ ಕೈ ಬಲು ನಾಜೂಕು, ಅವರ "ಸಿಟ್ಟು" ನೋಡಿದರೆ ಮಗುವನ್ನು ಮಲಗಿಸುವ ಹಾಗಿರುತ್ತಿತ್ತು. ಡ್ರಿಲ್ ಮೇಷ್ಟ್ರು ಒಂದೊಂದು ಗುರುತನ್ನೂ ಒಂದು, ಎರಡು, ಮೂರು ಎಂದು ಕವಾಯತಿನಂತೆ ಮಾಡುತ್ತಿದ್ದರು, ಜೊತೆಗೆ ಕೂಗುತ್ತಲೂ ಇದ್ದರು. ಆದರೆ ಬೇಗ ಕಲಿತವರು ಅವರೇ. ತಪ್ಪಿದಾಗ ಅಪ್ಪ ಬೆತ್ತದ ತುಂಡಿನಿಂದ ಅವರ ಮೊಣಕೈ ಮುಟ್ಟುತ್ತಿದ್ದ. ಅರವತ್ತೆಂಟು ವರ್ಷದ, ಜೀವಮಾನವಿಡೀ ಬೇರೆಯವರನ್ನು ತಿದ್ದಿದ ಆ ಮನುಷ್ಯ ತುಟಿಪಿಟಕ್ಕೆನ್ನದೆ ಮತ್ತೆ ಮಾಡುತ್ತಿದ್ದರು. ಅವತ್ತಿನಿಂದ ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ. ಪ್ರೀತಿಯ ಬಗ್ಗೆ ಹಾಡುವುದು ಯಾರಿಗೂ ಬರುತ್ತದೆ. ಆ ವಯಸ್ಸಲ್ಲಿ ನೆಲದ ಮೇಲೆ ಕೂತು ದಡ್ಡನಾಗುವುದು ಎಲ್ಲರಿಗೂ ಬರುವುದಿಲ್ಲ.

ಆದರೂ ಅನುಮಾನದಿಂದಲೇ ಹೊರಟೆ. ನಾನಿದ್ದಾಗ ಬರುವುದು ಬೇರೆ, ಹೇಳುವವರು ಕೇಳುವವರು ಇಲ್ಲದಾಗ ಬರುವುದು ಬೇರೆ. ಹದಿನೈದು ದಿನಕ್ಕೊಂದು ಸಲ ಬೋಧಕರ ಕಾಗದ ಬರುತ್ತಿತ್ತು. "ಅಪ್ಪ ಚೆನ್ನಾಗಿದ್ದಾರೆ" ಎಂದು ಬರೆದಿರುತ್ತಿದ್ದರು. ಅದು ಎಲ್ಲರೂ ಎಲ್ಲರಿಗೂ ಬರೆಯುವ ಮಾತು. ತರಬೇತಿಯ ಮೆಷಿನ್ ಮುಂದೆ ನಿಂತಾಗಲೂ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಬೆತ್ತ ಹಿಡಿದು ಗೋಡೆ ನೋಡುತ್ತ ಕೂತ ಅಪ್ಪ.

ತೊಂಬತ್ತೆರಡನೇ ದಿನ ಮಧ್ಯಾಹ್ನ ಸ್ಟೇಷನ್ನಿನಿಂದ ಸೀದಾ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಒಳಗೆ ಅಪ್ಪ ಮತ್ತು ಡ್ರಿಲ್ ಮೇಷ್ಟ್ರು ಎದುರುಬದುರು ಕೂತು ಜಗಳವಾಡುತ್ತಿದ್ದರು. ನಿಜವಾದ ಜಗಳ, ಕೈಯಲ್ಲಿ. ಬೆತ್ತವನ್ನು ಎಷ್ಟು ಹೊತ್ತು ನೆನೆಸಬೇಕು ಎನ್ನುವುದರ ಮೇಲೆ. ಮೇಷ್ಟ್ರು ಈಗ ಕೂಗುತ್ತಿರಲಿಲ್ಲ. ಅವರ ಬಾಯಿ ಮುಚ್ಚಿತ್ತು, ಮೊದಲ ಸಲ. ಇಬ್ಬರೂ ಬಾಗಿಲಿಗೆ ಓರೆಯಾಗಿ ಕೂತಿದ್ದರಿಂದ ನಾನು ಕಾಣಲಿಲ್ಲ.

ಜಗಳ ಮುಗಿಯಿತು. ಅಪ್ಪ ಮಡಿಲಲ್ಲಿದ್ದ ಬೆತ್ತ ಕೆಳಗಿಟ್ಟ. ಆಮೇಲೆ ಕೆನ್ನೆಗೆ ಬೆರಳು ಒತ್ತಿದ. ನನ್ನ ಹೆಸರು. ಅದರ ಹಿಂದೆಯೇ ಇನ್ನೊಂದು ಗುರುತು ಮಾಡಿದ. ಎಡಗೈಯನ್ನು ಎದೆಯ ಮುಂದೆ ಬಳೆಯಂತೆ ಬಾಗಿಸಿ, ಬಲಗೈ ಮುಷ್ಟಿಯನ್ನು ಅದರೊಳಗೆ ಮೇಲಿನಿಂದ ಕೆಳಕ್ಕೆ ಬಿಟ್ಟ. ಮುಷ್ಟಿ ಎಲ್ಲೂ ತಾಗದೆ ಕೆಳಗೆ ಹೋಯಿತು. ಮೇಷ್ಟ್ರು ತಲೆಯಾಡಿಸಿ, ಕೆನ್ನೆಗೆ ಬೆರಳಿಟ್ಟು, ಅದೇ ಗುರುತನ್ನು ಅವನಿಗೆ ತಿರುಗಿ ಮಾಡಿದರು.

ನನಗೆ ಅದು ಗೊತ್ತಿರಲಿಲ್ಲ. ನಮ್ಮಪ್ಪನ ಭಾಷೆಯಲ್ಲಿ ನನಗೆ ಗೊತ್ತಿಲ್ಲದ ಮಾತು. ನನಗೆ ಅಸೂಯೆಯಾಯಿತು, ಸುಳ್ಳೇಕೆ ಹೇಳಲಿ.

"ಮೇಷ್ಟ್ರೇ, ಅದೇನು?" ಎಂದೆ.

ಮೇಷ್ಟ್ರು ತಿರುಗಿದರು. ಅಪ್ಪ ಕೆಳಗೆ ಬಗ್ಗಿ ಬೆತ್ತ ಹುಡುಕುತ್ತಿದ್ದ, ಇನ್ನೂ ನೋಡಿರಲಿಲ್ಲ.

"ನೀನು ಹೋದ ಎರಡನೇ ವಾರ ಮಾಡಿದ್ದು" ಎಂದರು ಮೇಷ್ಟ್ರು, ನಾನು ಅವರಿಂದ ಎಂದೂ ಕೇಳದ ಸಣ್ಣ ದನಿಯಲ್ಲಿ. "ನಮಗೆ ಅರ್ಥ ಆಗ್ಲಿಲ್ಲ. ಯಾವುದೋ ಕುರ್ಚಿ ಹೆಣೀಬೇಕಾ ಅಂತ ಕೇಳಿದೆ, ಬೈದ್ರು. ಮೂರು ದಿನ ಬಿಟ್ಟು ಹೊಳೀತು. ಕೂರೋ ಜಾಗ ಹೆಣೆಯದೇ ಇರೋ ಕುರ್ಚಿ ಅದು. ಚೌಕಟ್ಟು ಇದೆ, ನಡುವೆ ಏನೂ ಇಲ್ಲ. ನೀನಿಲ್ಲ, ಅದು ಅವರಿಗೆ ಹಾಗಿದೆ ಅಂತ. ದಿನಾ ಹೇಳ್ತಾರೆ. ಯಾರು ಬಂದ್ರೂ ಅವರ ಹತ್ರ ಹೇಳ್ತಾರೆ."

ನಾನು ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ನಾನೂರು ಗುರುತುಗಳಲ್ಲಿ ಇದೊಂದು ಯಾಕೆ ಇರಲಿಲ್ಲ ಎಂದು ಆಗ ತಿಳಿಯಿತು. ನಾನು ನೆನಪಾಗುತ್ತೇನೆ ಎಂದು ಅಪ್ಪ ಯಾರಿಗೆ ಹೇಳಬೇಕಿತ್ತು? ಅಮ್ಮ ನೆನಪಾದರೆ ಗಲ್ಲ ಮುಟ್ಟಿದರೆ ಸಾಕಿತ್ತು, ನನಗೆ ತಿಳಿಯುತ್ತಿತ್ತು. ಅವಳು ಹೋದ ಮೇಲೆ ಅವನ ಮಾತು ತಿಳಿಯುತ್ತಿದ್ದವಳು ನಾನೊಬ್ಬಳೇ. ನಾನು ಆಸ್ಪತ್ರೆಗೆ ಹೋದ ಅಷ್ಟೂ ಹಗಲುಗಳಲ್ಲಿ ಅದು ಅವನೊಳಗೇ ಇದ್ದಿರಬೇಕು, ಹೇಳಲು ಎದುರಿಗೆ ಜನ ಇಲ್ಲದೆ. ಕಣ್ಣೀರು ತಡೆಯಲು ಹೋಗಲಿಲ್ಲ.

ಅಪ್ಪ ತಲೆಯೆತ್ತಿದ. ನನ್ನನ್ನು ನೋಡಿ ಅವನ ಕೈಗಳು ಹಾಗೇ ನಿಂತವು. ನಾನು ಕಣ್ಣು ಒರೆಸಿಕೊಂಡು ಮೊದಲು ಅವನ ಕಡೆ ಬೆರಳು ಮಾಡಿದೆ, ಆಮೇಲೆ ಎಡಗೈ ಬಳೆಯಂತೆ ಬಾಗಿಸಿ ಅದರೊಳಗೆ ಮುಷ್ಟಿ ಇಳಿಬಿಟ್ಟೆ.

ಡ್ರಿಲ್ ಮೇಷ್ಟ್ರು ಎದ್ದು ಬಂದು ನನ್ನ ಮೊಣಕೈ ಹಿಡಿದರು. "ಹಾಗಲ್ಲಮ್ಮ" ಎಂದರು. "ಮುಷ್ಟಿ ಇನ್ನೂ ಕೆಳಗೆ ಹೋಗ್ಬೇಕು. ನೋಡು, ಹೀಗೆ."