ಮಣಿಯನ್ನು ಬಿಸಿ ಮಾಡದ ಮೀಟರ್

ಮೀಟರು ಮಾರಲು ಬಂದ ಕಂಪನಿಯವನು ತನ್ನ ಸರಕನ್ನೆಲ್ಲ ಬಿಚ್ಚಿ ತೋರಿಸಿದ ಮೇಲೆ ಉಚ್ಚಂಗೆಮ್ಮ ಫ್ಯಾನ್ ಆರಿಸಿದಳು. ಮೇ ತಿಂಗಳ ಬಳ್ಳಾರಿಯಲ್ಲಿ, ಅದೂ ಮಧ್ಯಾಹ್ನ, ಬೇಕೆಂದೇ ಫ್ಯಾನ್ ಆರಿಸುವವರನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ದೊಡ್ಡಬಸಪ್ಪನ ಮುಖ ನೋಡಿದ.

“ಯಾಕವ್ವಾ, ನಮ್ಮನ್ನ ಬೇಯಸಬೇಕಂತ ಮಾಡೀಯೇನು?” ಎಂದ ದೊಡ್ಡಬಸಪ್ಪ.

“ಗಾಳಿ ಬಡದ್ರ ಮಣಿ ತಣ್ಣಗಾಗ್ತೈತ್ರಿ ಸಾವ್ಕಾರ್ರ. ಸ್ವಲ್ಪ ತಡಕೋರಿ.”

ಅವಳು ಮಣಿ ಎಂದದ್ದು ಸಾಸಿವೆಗಿಂತ ತುಸು ದಪ್ಪವಿದ್ದ, ಎರಡು ಸಣ್ಣ ತಂತಿ ಹೊರಟ ಕಪ್ಪು ಚುಕ್ಕೆಯೊಂದನ್ನು. ಪುಸ್ತಕದಲ್ಲಿ ಅದಕ್ಕೆ ಥರ್ಮಿಸ್ಟರ್ ಎಂದು ಹೆಸರು. ಬಿಸಿಯಾದಂತೆಲ್ಲ ಅದರ ವಿದ್ಯುತ್ ರೋಧ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಹಾಗಾಗಿ ರೋಧವನ್ನು ಸರಿಯಾಗಿ ಅಳೆದರೆ ಶಾಖವನ್ನು ಅಳೆದಂತೆ. ಅದನ್ನು ಅವಳು ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಮಲಗಿಸಿ, ತಂತಿಗಳನ್ನು ಮಾತ್ರ ಹೊರಗೆ ಬಿಟ್ಟಿದ್ದಳು.

ಕಂಟೋನ್ಮೆಂಟಿನ ಆ ಹಳೆಯ ಮನೆಯ ಮುಂದಿನ ಕೋಣೆಯೇ ಅವಳ ವರ್ಕ್‌ಶಾಪು. ಕುರುಗೋಡಿನಿಂದ ಬಂದು ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಕೆಲವು ವರ್ಷ ಬೇರೆಯವರ ಅಂಗಡಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿ, ಆಮೇಲೆ ತನ್ನದೇ ಬೋರ್ಡು ಹಾಕಿದ್ದಳು. ಅಕ್ಕಿ ಗಿರಣಿಗಳ ಮೋಟಾರು ಪ್ಯಾನೆಲ್‌ಗಳ ಕೆಲಸ ಸಿಗತೊಡಗಿದಾಗ ದೊಡ್ಡಬಸಪ್ಪನ ಪರಿಚಯವಾಯಿತು. ಅವನದು ಸಿರುಗುಪ್ಪದಲ್ಲಿ ಗಿರಣಿ. ಅಲ್ಲಿನ ಹೆರಿಗೆ ಆಸ್ಪತ್ರೆಯ ಟ್ರಸ್ಟಿನಲ್ಲೂ ಅವನಿದ್ದ.

ಆ ಆಸ್ಪತ್ರೆಯ ಡಾಕ್ಟರು ವೀರಭದ್ರಮ್ಮ ಯುಗಾದಿಯ ಹೊತ್ತಿಗೆ ಅವನ ಜೀಪಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಹೇರಿಸಿಕೊಂಡು ಬಂದಿದ್ದರು. ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ. ಹಿಂದಿನ ವರ್ಷ ಅದರ ಶಾಖ ಹತೋಟಿ ತಪ್ಪಿ, ಒಂದು ಕೂಸಿನ ಮೈ ಕೆಂಪಗಾಗಿ, ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ. ಡಾಕ್ಟರು ಅಂದೇ ಅದನ್ನು ಉಗ್ರಾಣಕ್ಕೆ ತಳ್ಳಿಸಿದ್ದರು. ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಅಲ್ಲಿಂದೀಚೆಗೆ ಅಂಥ ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಬಳ್ಳಾರಿಗೆ ಕಳಿಸುತ್ತಿದ್ದರು. ದಾರಿಯಲ್ಲೇ ತಣ್ಣಗಾದವು ಕೆಲವು.

“ಪೆಟ್ಟಿಗಿ ಚಲೋ ಐತ್ರಿ ಡಾಕ್ಟರಮ್ಮ. ಕೆಟ್ಟಿದ್ದು ಅದರ ತಲಿ ಅಷ್ಟ,” ಎಂದಿದ್ದಳು ಉಚ್ಚಂಗೆಮ್ಮ, ಒಳಗಿನದನ್ನೆಲ್ಲ ಬಿಚ್ಚಿ ನೋಡಿ. “ಹೊಸಾ ತಲಿ ನಾ ಮಾಡ್ತೀನಿ. ಆದ್ರ ನನ್ನ ಈ ಮುಳ್ಳಿನ ಮೀಟರ್ ನಂಬಿ ಮಾಡಂಗಿಲ್ಲ. ಅರ್ಧ ಡಿಗ್ರಿ ಏರಿದ್ರ ಇದರ ಮುಳ್ಳು ಕೂದಲೆಳಿಯಷ್ಟೂ ಅಲುಗಂಗಿಲ್ಲ. ಕೂಸಿಗೆ ಅರ್ಧ ಡಿಗ್ರೀನೂ ಲೆಕ್ಕಕ್ಕ ಬರ್ತೈತಿ.”

ಆ ಮಾತಿಗೆ ಟ್ರಸ್ಟು ಹೊಸ ಮೀಟರು ಕೊಡಿಸಲು ಒಪ್ಪಿದ್ದರಿಂದಲೇ ಈ ದಿನ ಹೈದರಾಬಾದಿನ ಕಂಪನಿಯವನು ಎರಡು ಮೀಟರು ಹೊತ್ತು ರೈಲಿನಲ್ಲಿ ಬಂದಿದ್ದ.

ಒಂದು ವಿದೇಶದ್ದು. ದೊಡ್ಡ ಲೋಹದ ಮೈ, ಹೊಳೆಯುವ ಗುಂಡಿಗಳು, ಕೆಂಪು ಅಂಕಿಗಳ ಸಾಲು ಉದ್ದ. ಇನ್ನೊಂದು ಬೆಂಗಳೂರಿನಲ್ಲಿ ತಯಾರಾದದ್ದು. ಬೂದು ಬಣ್ಣದ, ನೋಡಲು ಏನೂ ಅಲ್ಲದ ಡಬ್ಬಿ, ಅಂಕಿಯೂ ಒಂದು ಕಡಿಮೆ. ದೊಡ್ಡಬಸಪ್ಪ ಮೊದಲನೆಯದನ್ನು ನೋಡಿದ ಕೂಡಲೇ ಎದ್ದು ಬಂದು ಅದರ ಮೈ ಸವರಿದ್ದ.

ಉಚ್ಚಂಗೆಮ್ಮ ಎರಡನ್ನೂ ಹಚ್ಚಿ, ಚಹಾ ತರಿಸಿ, ಎಲ್ಲರೂ ಕುಡಿದು ಮುಗಿಸುವ ತನಕ ಅವುಗಳ ತಂಟೆಗೆ ಹೋಗಲಿಲ್ಲ. ಮೀಟರಿಗೂ ಮೈ ಬಿಸಿಯಾಗಿ ಸ್ಥಿರವಾಗಲು ಹೊತ್ತು ಬೇಕು. ಆಮೇಲೆ ಪಾಲಿಟೆಕ್ನಿಕ್ಕಿನಿಂದ ಎರವಲು ತಂದಿದ್ದ, ರೋಧ ಎಷ್ಟೆಂದು ಖಚಿತವಾಗಿ ಗೊತ್ತಿದ್ದ ರೆಸಿಸ್ಟರುಗಳನ್ನು ಒಂದೊಂದಾಗಿ ಎರಡಕ್ಕೂ ಸಿಕ್ಕಿಸಿ ನೋಡಿದಳು. ಎರಡೂ ಸರಿಯಾಗಿ ಹೇಳಿದವು; ದೊಡ್ಡದು ಇನ್ನೂ ಸೂಕ್ಷ್ಮವಾಗಿ ಹೇಳಿತು. ದೊಡ್ಡಬಸಪ್ಪ ತಲೆಯಾಡಿಸಿದ. ಫ್ಯಾನ್ ಆರಿಸಿದ್ದು ಆಗಲೇ.

ಅವಳು ಬೆಂಕಿಪೊಟ್ಟಣದ ತಂತಿಗಳಿಗೆ ದೊಡ್ಡ ಮೀಟರಿನ ಕ್ಲಿಪ್ಪು ಹಾಕಿದಳು. ಅಂಕಿ ಮೂಡಿತು, ಇಳಿಯಿತು. ಮತ್ತೆ ಇಳಿಯಿತು. ಕೊನೆಯ ಅಂಕಿಗಳು ನಿಲ್ಲದೆ ಜಾರುತ್ತಲೇ ಇದ್ದವು.

ನಿಲ್ಲುತ್ತದೆ, ಸ್ವಲ್ಪ ಕಾಯಿರಿ ಎಂದು ತೆಲುಗಿನಲ್ಲಿ ಹೇಳಿದ ಕಂಪನಿಯವನು. ಅವಳು ಕಾದಳು. ಸಾಕಷ್ಟು ಕೆಳಗೆ ಇಳಿದ ಮೇಲೆಯೇ ಅದು ನಿಂತದ್ದು. ಕ್ಲಿಪ್ಪು ತೆಗೆದು, ಮಣಿಗೆ ವಿಶ್ರಾಂತಿ ಕೊಟ್ಟು, ಬೂದು ಡಬ್ಬಿಗೆ ಹಾಕಿದಳು. ಅಂಕಿ ಮೂಡಿ ಅಲ್ಲೇ ಕೂತಿತು. ತೀರ ಕೊನೆಯದೊಂದು ಮಾತ್ರ ಕಣ್ಣು ಮಿಟುಕಿಸಿದಂತೆ ಅತ್ತಿತ್ತ ಆಯಿತು. ಮತ್ತೆ ದೊಡ್ಡದಕ್ಕೆ ಹಾಕಿದಾಗ ಮೊದಲಿನ ಹಾಗೆಯೇ ಮೇಲಿನಿಂದ ಶುರುವಾಗಿ ಜಾರತೊಡಗಿತು.

“ಏನಾತವ್ವಾ, ಕೆಟ್ಟೈತೇನು?” ಎಂದು ದೊಡ್ಡಬಸಪ್ಪ ಬಗ್ಗಿ ನೋಡಿದ.

“ಕೆಟ್ಟಿಲ್ರಿ. ಭಾಳ ಚಲೋ ಮೀಟರ್ ಇದು. ಆದ್ರ ಅಳೀಬೇಕಂದ್ರ ಯಾವ ಮೀಟರಾದ್ರೂ ಚೂರು ಕರೆಂಟ್ ಒಳಗ ಬಿಡಬೇಕಾಗ್ತೈತಿ. ಇದು ಬಿಡೋದು ಜಾಸ್ತಿ. ಅಷ್ಟಕ್ಕ ಮಣಿ ತಾನ ಬಿಸಿ ಆಗ್ತೈತಿ. ಕೂಸಿನ ಪೆಟ್ಟಿಗಿ ಬಿಸಿ ಎಷ್ಟು ಅಂತ ಕೇಳಿದ್ರ, ಇದು ತಾನು ಕೊಟ್ಟ ಬಿಸಿನೂ ಸೇರಿಸಿ ಹೇಳ್ತೈತಿ. ಈ ಸಣ್ಣದು ಹಂಗ ಮಾಡಂಗಿಲ್ಲ. ಮಣೀಗೆ ಗೊತ್ತಾಗದಂಗ ನೋಡ್ತೈತಿ.”

ಕಂಪನಿಯವನು ದೊಡ್ಡ ಮೀಟರಿನ ಜೊತೆ ಬಂದಿದ್ದ ಪುಸ್ತಕ ತಿರುವಿ, ಒಂದು ಪುಟದಲ್ಲಿ ಬೆರಳಿಟ್ಟು ಓದಿ, ಆಕೆ ಹೇಳುವುದು ನಿಜ ಎಂದ. ದುಬಾರಿ ಮೀಟರು ಮಾರುವ ಅವಕಾಶ ಕೈ ತಪ್ಪಿದರೂ ಅವನ ಮುಖದಲ್ಲಿ ಬೇಸರವಿರಲಿಲ್ಲ. ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

ದೊಡ್ಡಬಸಪ್ಪನಿಗೆ ಮಾತ್ರ ಅದು ಒಗ್ಗಲಿಲ್ಲ. “ಸಿರುಗುಪ್ಪದಾಗ ಫಾರಿನ್ ಮೀಟರ್ ಬರಾಕತ್ತೈತಿ ಅಂತ ಎಲ್ಲಾರಿಗೂ ಹೇಳಿ ಬಂದೀನಿ. ಈ ಡಬ್ಬಿ ತಗಂಡು ಹೋಗಿ ಏನಂತ ತೋರಸ್ಲಿ? ನಾಳೆ ಏನರ ಹೆಚ್ಚುಕಮ್ಮಿ ಆದ್ರ ಜನ ಏನಂತಾರ? ಚಲೋದು ಬಿಟ್ಟು ಇದನ್ಯಾಕ ತಂದ್ರಿ ಅಂತ ನನ್ನ ಕೇಳ್ತಾರ.”

“ಉಚ್ಚಂಗೆಮ್ಮ ಆರಿಸಿದ್ಲು ಅಂತ ಹೇಳ್ರಿ,” ಎಂದಳು ಅವಳು. “ಹೆಚ್ಚುಕಮ್ಮಿ ಆದ್ರೂ ನನ್ನ ಹೆಸರ ಹೇಳ್ರಿ.”

ದನಿ ಏರಿಸದೆ, ಕ್ಲಿಪ್ಪುಗಳ ತಂತಿ ಸುತ್ತುತ್ತಲೇ ಹೇಳಿದ್ದಳು. ದೊಡ್ಡಬಸಪ್ಪ ಅವಳನ್ನು ಒಂದು ಗಳಿಗೆ ನೋಡಿ, “ಫ್ಯಾನ್ ಆದ್ರೂ ಹಾಕವ್ವಾ ಇನ್ನ,” ಎಂದು ಕುರ್ಚಿಗೆ ಒರಗಿದ. ಬೂದು ಡಬ್ಬಿ ಅಲ್ಲೇ ಉಳಿಯಿತು.

ಆ ಮಳೆಗಾಲವೆಲ್ಲ ಅವಳ ಮೇಜಿನ ಮೇಲೆ ನೀರಿನ ಪಾತ್ರೆ, ಸಣ್ಣ ಹೀಟರು, ಗಾಜಿನ ಥರ್ಮಾಮೀಟರು ಇದ್ದೇ ಇದ್ದವು. ಮಣಿಯನ್ನು ಕಿರಿದಾದ ಗಾಜಿನ ಕೊಳವೆಯಲ್ಲಿ ಇಳಿಬಿಟ್ಟು, ನೀರನ್ನು ನಿಧಾನಕ್ಕೆ ಕಲಕುತ್ತ, ಒಂದೊಂದು ಡಿಗ್ರಿಗೂ ಮೀಟರು ಏನು ಹೇಳುತ್ತದೆಂದು ನೋಡಿದಳು. ಏರಿಸುತ್ತ ನೋಡಿದ್ದನ್ನು ಇಳಿಸುತ್ತಲೂ ನೋಡಿದಳು. ರೇಡಿಯೊ ಕೊಡಲು ಬಂದವರು ಏನು ಅಡಿಗೆ ಎಂದು ನಗುತ್ತಿದ್ದರು. ಕೊನೆಗೆ ಮೂವತ್ತೆರಡರಿಂದ ಮೂವತ್ತೆಂಟರವರೆಗೆ ಮಣಿಯ ಅಂಕಿಗಳು ಅವಳಿಗೆ ಮಗ್ಗಿಯಂತೆ ಬಾಯಿಗೆ ಬಂದಿದ್ದವು. ಅದರ ಮೇಲೆ ಹೊಸ ಸರ್ಕೀಟು ಕಟ್ಟಿದಳು. ಕರೆಂಟು ಏರಿಳಿದರೂ ಅಳುಕದಂತೆ ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು.

ವೀರಭದ್ರಮ್ಮ ಸುಲಭಕ್ಕೆ ಒಪ್ಪುವವರಲ್ಲ. ಪೆಟ್ಟಿಗೆ ಸಿರುಗುಪ್ಪದ ಆಸ್ಪತ್ರೆಗೆ ಮರಳಿದ ಮೇಲೂ, ದಸರೆ ಕಳೆಯುವ ತನಕ ಕೂಸಿನ ಜಾಗದಲ್ಲಿ ನೀರಿನ ಬಾಟಲಿ ಮಲಗಿಸಿ, ಹೊತ್ತುಹೊತ್ತಿಗೆ ತಾವೇ ಬಂದು ನೋಡಿದರು. “ತಪ್ಪು ತಿಳಕೋಬ್ಯಾಡ,” ಎಂದರು ಉಚ್ಚಂಗೆಮ್ಮನಿಗೆ. “ಒಮ್ಮೆ ಆ ಕೂಸಿನ ಮೈ ಮುಟ್ಟಿದ ಕೈ ಇದು. ಮರೀಲಿ ಅಂದ್ರ ಮರ್ಯಾಂಗಿಲ್ಲ.”

“ನೋಡ್ರಿ ಡಾಕ್ಟರಮ್ಮ. ನೀವು ಎಷ್ಟು ನೋಡಿದ್ರೂ ನನಗ ಸಂತೋಷನ.”

ತೆಕ್ಕಲಕೋಟೆಯ ಸುಂಕಮ್ಮನಿಗೆ ಏಳು ತಿಂಗಳಿಗೇ ನೋವು ಬಂದು ಹೆಣ್ಣು ಕೂಸು ಹುಟ್ಟಿದಾಗ ಬಾಟಲಿಯನ್ನು ತೆಗೆದರು. ಸುದ್ದಿ ತಿಳಿದು ಉಚ್ಚಂಗೆಮ್ಮ ಬಳ್ಳಾರಿಯಿಂದ ಹೊರಟಳು. ಮೀಟರನ್ನು ಬಸ್ಸಿನ ಮೇಲೆ ಹಾಕಲು ಬಿಡದೆ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಗಾಜಿನಾಚೆ ಕೂಸು ಅಂಗೈ ಉದ್ದದ ಕಾಲು ಮಡಚಿಕೊಂಡು ಮಲಗಿತ್ತು. ಮುಖವೆಲ್ಲ ಹಣೆಯೇ. ಉಸಿರಾಡಿದಾಗ ಪಕ್ಕೆ ಕಾಣುತ್ತಿತ್ತು.

ಮೊದಲ ಎರಡು ದಿನ ಎಲ್ಲ ನೆಟ್ಟಗೆ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆ ಒರೆಸಿ ಹೋದ ಸ್ವಲ್ಪ ಹೊತ್ತಿಗೆ ನರ್ಸು ಓಡಿ ಬಂದಳು. ಉಚ್ಚಂಗೆಮ್ಮ ಹೋಗುವಷ್ಟರಲ್ಲಿ ವೀರಭದ್ರಮ್ಮ ಪೆಟ್ಟಿಗೆಯ ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದರು. ಒಳಗೆ ತೂಗುಹಾಕಿದ್ದ ಗಾಜಿನ ಥರ್ಮಾಮೀಟರು ಮೂವತ್ತೇಳು ದಾಟಿತ್ತು. ಇರಬೇಕಾದದ್ದು ಮೂವತ್ತನಾಲ್ಕು.

“ಮತ್ತ ಅದ ಆಗಾಕತ್ತೈತಿ,” ಎಂದರು. ಮುಖ ಬಿಳಿಚಿತ್ತು. “ತೆಗೀತೀನಿ ಕೂಸನ್ನ.”

ಗೋಡೆಗೆ ಒರಗಿದ್ದ ಸುಂಕಮ್ಮ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು. ಹೊರಗೆ ಚಳಿಯ ಗಾಳಿ. ತೆಗೆದರೆ ಆ ಮೈಗೆ ಏನಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪೆಟ್ಟಿಗೆ ನಿಜಕ್ಕೂ ಕಾಯುತ್ತಿದ್ದರೆ ತೆಗೆಯದಿದ್ದರೂ ಏನಾಗುತ್ತದೆಂದು ಗೊತ್ತಿತ್ತು.

“ಒಂದ ನಿಮಿಷ ಕೊಡ್ರಿ,” ಎಂದಳು ಉಚ್ಚಂಗೆಮ್ಮ. “ಆಮ್ಯಾಲ ನೀವು ಹೇಳಿದಂಗ.”

ಪೆಟ್ಟಿಗೆಗೆ ಕಟ್ಟಿದ ಮಣಿಯನ್ನು ಅವಳು ನಂಬಹೋಗಲಿಲ್ಲ. ಕೆಟ್ಟಿದ್ದರೆ ಕೆಟ್ಟಿರುವುದೇ ಅದು. ಚೀಲದಿಂದ, ಮೊದಲೇ ಅದೇ ರೀತಿ ಅಳೆದಿಟ್ಟಿದ್ದ ಬೇರೊಂದು ಮಣಿ ತೆಗೆದು, ಕೈ ಹಾಕುವ ಕಿಂಡಿಯಿಂದ ಒಳಕ್ಕೆ ಬಿಟ್ಟು, ಥರ್ಮಾಮೀಟರಿನ ಪಾದರಸದ ಬುಡಕ್ಕೇ ತಾಗುವಂತೆ ಹಿಡಿದಳು. ಇನ್ನೊಂದು ಕೈಯಲ್ಲಿ ಕ್ಲಿಪ್ಪು ಹಾಕಿದಳು. ಬೂದು ಡಬ್ಬಿಯ ಅಂಕಿ ಸ್ವಲ್ಪ ಆಡಿ ನಿಂತಿತು. ಮೂವತ್ತನಾಲ್ಕು ಡಿಗ್ರಿಯ ಅಂಕಿ ಅದು. ಕಟ್ಟಿದ ಮಣಿಯ ತಂತಿಗೂ ಹಾಕಿ ನೋಡಿದಳು. ಅಲ್ಲೂ ಅದೇ ಶಾಖ.

“ಬಿಸಿ ಏರಿಲ್ರಿ ಡಾಕ್ಟರಮ್ಮ. ಎರಡೂ ಮಣಿ ಒಂದ ಮಾತು ಹೇಳಾಕತ್ತಾವು.”

“ಖರೇ?”

“ಖರೇ ರಿ. ಕೂಸಿನ ಮೈ ಮುಟ್ಟಿ ನೋಡ್ರಿ.”

ವೀರಭದ್ರಮ್ಮ ಕಿಂಡಿಯೊಳಗೆ ಕೈ ಹಾಕಿ ಕೂಸಿನ ಎದೆಯ ಮೇಲೆ ಎರಡು ಬೆರಳಿಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ಥರ್ಮಾಮೀಟರನ್ನು ಬಿಚ್ಚಿಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರಕ್ಕೆ ತಂದು ತಿರುಗಿಸಿದರು.

“ಇಲ್ಲಿ ನೋಡು. ಪಾದರಸ ತುಂಡಾಗಿ ಕುಂತೈತಿ. ನಡುವ ಸಂದು.”

ಕೂದಲಿಗಿಂತ ತೆಳ್ಳಗಿನ ಸಂದು. ಒರೆಸುವಾಗ ಎಲ್ಲೋ ಬಡಿದಿರಬೇಕು. ಮೇಲಿನ ತುಂಡು ಮುಂದಕ್ಕೆ ಹೋಗಿ, ಇಲ್ಲದ ಬಿಸಿಯನ್ನು ತೋರಿಸುತ್ತಿತ್ತು. ಡಾಕ್ಟರು ಅದನ್ನು ಟ್ರೇಯಲ್ಲಿಟ್ಟು ಸುಂಕಮ್ಮನ ಕಡೆ ತಿರುಗಿದರು.

“ಕುಂದ್ರವ್ವಾ. ನಿನ್ನ ಮಗಳು ಆರಾಮದಾಳ.”

ಉಚ್ಚಂಗೆಮ್ಮ ಹೊರಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ಬಂದದ್ದು ಅಳುವೋ ನಗುವೋ ತಿಳಿಯದೆ, ಸೆರಗಿನಿಂದ ಮುಖ ಒತ್ತಿಕೊಂಡಳು. ಮೇ ತಿಂಗಳಲ್ಲಿ ಆ ಮೀಟರನ್ನು ಆರಿಸುವಾಗ ಅದು ಬರೀ ಲೆಕ್ಕವಾಗಿತ್ತು. ಈಗ ಅದಕ್ಕೆ ಉಸಿರಿತ್ತು.

ಸಂಕ್ರಾಂತಿ ಮುಗಿದ ಮೇಲೆ ಕೂಸನ್ನು ಮನೆಗೆ ಕಳಿಸುವ ದಿನ ಬಂತು. ಮಗಳು ಏನೋ ಮಾಡಿದ್ದಾಳಂತೆ ಎಂದು ಊರಲ್ಲಿ ಕೇಳಿ, ಉಚ್ಚಂಗೆಮ್ಮನ ತಾಯಿ ಮಾರೆಮ್ಮ ಕುರುಗೋಡಿನಿಂದ ತಾನಾಗಿಯೇ ಬಸ್ಸು ಹತ್ತಿ ಬಂದಿದ್ದಳು. ದೊಡ್ಡಬಸಪ್ಪ ಅಂದು ಬೇರೆ ಟ್ರಸ್ಟಿಗಳನ್ನೂ ಕರೆತಂದು, ಪೆಟ್ಟಿಗೆ ತೋರಿಸುತ್ತ ಮೀಟರಿನ ಮುಂದೆ ನಿಂತಿದ್ದ.

“ಇದು ಫಾರಿನ್ ಅಲ್ರಿ,” ಎನ್ನುತ್ತಿದ್ದ ದೊಡ್ಡ ದನಿಯಲ್ಲಿ. “ಫಾರಿನ್ನಿಂದೂ ಇಟ್ಟು ನೋಡಿ, ಅದು ಬ್ಯಾಡ, ಇದ ಬೇಕು ಅಂತ ಆರಿಸಿದ್ದು. ಯಾರು ಆರಿಸಿದ್ದು? ನಮ್ಮ ಉಚ್ಚಂಗೆಮ್ಮ. ನಾ ಅಲ್ಲೇ ಇದ್ದೆ. ಫ್ಯಾನ್ ಆರಿಸಿ ಬೇಯಿಸಿಬಿಟ್ಲು ನಮ್ಮನ್ನ.”

ಮಾರೆಮ್ಮ ಟ್ರಸ್ಟಿಗಳೆಲ್ಲ ಹೋಗುವ ತನಕ ಗೋಡೆಯ ಬದಿಗೆ ನಿಂತಿದ್ದಳು. ಸುಂಕಮ್ಮ ಕೂಸನ್ನು ಎತ್ತಿಕೊಂಡಾಗ ಹತ್ತಿರ ಹೋಗಿ ಅದರ ಅಂಗಾಲು ಮುಟ್ಟಿದಳು. ಆಮೇಲೆ ಖಾಲಿ ಗಾಜಿನ ಪೆಟ್ಟಿಗೆಯನ್ನು ನೋಡುತ್ತ ಮಗಳಿಗೆ ಮಾತ್ರ ಕೇಳುವಂತೆ ಹೇಳಿದಳು:

“ನಿನಗಿಂತ ಮೊದಲಿಂದು ಒಂದು ಗಂಡು ಕೂಸಿತ್ತು. ಏಳು ತಿಂಗಳಿಗೇ ಹುಟ್ಟಿತ್ತು. ಬುಟ್ಟ್ಯಾಗ ಹತ್ತಿ ಹಾಸಿ ಒಲಿ ಮುಂದ ಇಟ್ಟಿದ್ವಿ. ಬಿಸಿ ಹೆಚ್ಚಾತೋ ಕಮ್ಮಿ ಆತೋ, ಯಾರಿಗೆ ತಿಳೀತಿತ್ತು.”

ಉಚ್ಚಂಗೆಮ್ಮ ಇದನ್ನು ಎಂದೂ ಕೇಳಿರಲಿಲ್ಲ. ತಾಯಿಯ ಕೈ ಹಿಡಿದುಕೊಂಡಳು. ಮಾರೆಮ್ಮ ಕೈ ಬಿಡಿಸಿಕೊಳ್ಳಲಿಲ್ಲ. “ನಡೀ, ಊರಿಗೆ ಬಂದು ಎರಡು ದಿನ ಇದ್ದು ಹೋಗು,” ಎಂದಳು.

ಅವರು ಕುರುಗೋಡಿನಲ್ಲಿ ಬಸ್ಸು ಇಳಿದಾಗ ಇಳಿಹೊತ್ತು. ಗುಡ್ಡದ ಬಂಡೆಗಳ ಮೇಲೆ ಹಳದಿ ಬಿಸಿಲಿತ್ತು. ಮನೆಗೆ ಹೋಗಲು ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಓಣಿಯೇ ಹತ್ತಿರ. ಉಚ್ಚಂಗೆಮ್ಮ ಅತ್ತ ತಿರುಗಿದಳು. ಮಾರೆಮ್ಮ ತಿರುಗಲಿಲ್ಲ. ಸೆರಗು ಸರಿಮಾಡಿಕೊಂಡು, ಅಂಗಡಿಯವರೆಲ್ಲ ಕಟ್ಟೆಯ ಮೇಲೆ ಕೂತಿರುವ ಪೇಟೆ ಬೀದಿಯ ಕಡೆಗೆ, ಮಗಳಿಗಿಂತ ಒಂದು ಹೆಜ್ಜೆ ಮುಂದೆ, ಎಲ್ಲರೂ ಅವಳನ್ನು ನೋಡಲಿ ಎಂಬಂತೆ, ಏನೂ ಅವಸರವಿಲ್ಲದವಳಂತೆ ನಡೆಯತೊಡಗಿದಳು.