ತಾತ ಕೊಟ್ಟ ಪರದೆ

ಬೀರುವಿನ ಬಟ್ಟೆಯೆಲ್ಲ ನೆಲಕ್ಕೆ ಬಿದ್ದಿತ್ತು. ನಿಟ್ಟೂರಿನ ಶಿವರಾಜ ತನ್ನ ಅಪ್ಪ ಕದರಯ್ಯನ ಸ್ಕ್ಯಾನಿಂಗ್ ಫಿಲಂ ಹುಡುಕುತ್ತಿದ್ದ. ಮುದುಕನ ಹೊಟ್ಟೆಯಲ್ಲಿ ಗಡ್ಡೆಯಿದೆಯೆಂದು ಬೆಂಗಳೂರಿನಲ್ಲಿ ತೆಗೆಸಿದ್ದ ಫಿಲಂ ಅದು. ಅದನ್ನು ನೋಡಿ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ತುಮಕೂರಿಗೆ ಬರುವುದು ತಿಂಗಳಿಗೊಮ್ಮೆ, ಇವತ್ತು ಮಧ್ಯಾಹ್ನದವರೆಗೆ ಮಾತ್ರ. ಮುಂದಿನ ತಿಂಗಳವರೆಗೆ ಗಡ್ಡೆ ಸುಮ್ಮನೆ ಕೂತಿರುತ್ತದೆಯೇ?

"ರದ್ದಿಯೋನಿಗೆ ಪೇಪರ್ ಜೊತೆ ಹಾಕ್ಬುಟ್ಟೆ ಅಲ್ವೇನೇ?" ಎಂದು ಹೆಂಡತಿ ಶಶಿಕಲಾಳ ಮೇಲೆ ಹರಿಹಾಯ್ದ.

"ದೇವ್ರಾಣೆಗೂ ನಾನು ಮುಟ್ಟಿಲ್ಲ ಕಣ್ರೀ" ಎಂದು ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಫಿಲಂ ಎಲ್ಲಿದೆಯೆಂದು ಬಾಗಿಲಲ್ಲಿ ನಿಂತಿದ್ದ ಮಗಳು ಚೈತನ್ಯಳಿಗೆ ಗೊತ್ತಿತ್ತು. ಗುಬ್ಬಿಯ ಶಾಲೆಯ ಕ್ರಾಫ್ಟ್ ಪ್ರದರ್ಶನಕ್ಕೆಂದು ಅವಳು ಹಳೆಯ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದು ಅಂಟಿಸಿ ಲ್ಯಾಪ್‌ಟಾಪ್ ಮಾಡಿದ್ದಳು. ಚೌಕ ಚೌಕ ಕಾಗದ ಕತ್ತರಿಸಿ, ಅಕ್ಷರ ಬರೆದು, ಕೀಬೋರ್ಡೂ ಆಗಿತ್ತು. ಪರದೆಗೆ ಕಪ್ಪು ಹಾಳೆ ಸಿಗಲಿಲ್ಲವೆಂದು ಮುಖ ಊದಿಸಿಕೊಂಡಾಗ ತಾತನೇ ಫಿಲಂ ತಂದುಕೊಟ್ಟಿದ್ದ.

"ತಗಳವ್ವ, ಫಳಫಳ ಅಂತದೆ. ನಂಗೆ ಬ್ಯಾಡ. ನಿಮ್ಮಪ್ಪಂಗೆ ಮಾತ್ರ ಹೇಳ್ಬ್ಯಾಡ."

ಆಪರೇಷನ್ ಎಂದರೆ ಕದರಯ್ಯನಿಗೆ ಜೀವಭಯ. ಅವನ ಜೊತೆಗಾರ ಅಡವಿಯಪ್ಪ ಆಸ್ಪತ್ರೆಗೆ ನಡೆದುಕೊಂಡು ಹೋಗಿ ಹೆಣವಾಗಿ ಬಂದಿದ್ದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡಿದ್ದ ಮುದುಕ. ಅದಕ್ಕೆ ಆ ಕೂಸಿನ ಕೈಯೇ ಬೇಕಾಗಿತ್ತೆ ಎಂದು ಕೇಳುವವರಿರಲಿಲ್ಲ.

ಈಗವನು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಮೊಮ್ಮಗಳು ನೋಡಿದಾಗ ಬೇಡವೆಂದು ತಲೆಯಾಡಿಸಿದ. ಅವಳಿಗದು ಬಾಯೊಳಗಿನ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ ತಾತನ ಹೊಟ್ಟೆ ಕೊಯ್ಯುತ್ತಾರೆ. ಹೇಳದಿದ್ದರೆ ಗಡ್ಡೆ ಅವನನ್ನು ತಿನ್ನುತ್ತದೆ. ಒಳಗೆ ಅಮ್ಮ ಬಿಕ್ಕುವುದು ಕೇಳಿಸಿತು.

"ನನ್ ಲ್ಯಾಪ್‌ಟಾಪಲ್ಲಿ ಅದೆ ಕಣಪ್ಪ" ಎಂದಳು. "ನೆನ್ನೆನೇ ಗುಬ್ಬಿಗೆ ಹೋಯ್ತು."

"ಕದ್ದು ತಗೊಂಡೇನೇ?"

ತಾತ ಕೊಟ್ಟನೆಂದು ಅವಳು ಹೇಳಲಿಲ್ಲ. ತಾತನೂ ಬಾಯಿ ಬಿಡಲಿಲ್ಲ. ಏಟು ಬೆನ್ನಿನ ಮೇಲೆ ಬಿತ್ತು.

ಆಟೋ ಹಿಡಿದು ಅಪ್ಪ, ಮಗಳು, ತಾತ ಮೂವರೂ ಗುಬ್ಬಿಗೆ ಬಂದರು. ಕದರಯ್ಯ ಆಟೋದಿಂದ ಇಳಿಯಲಿಲ್ಲ. ಶಾಲೆಯಲ್ಲಿ ತೀರ್ಪುಗಾರರು ಲ್ಯಾಪ್‌ಟಾಪಿನ ಪಕ್ಕದ ಮೇಜಿನ ಹತ್ತಿರವೇ ಇದ್ದರು.

"ಸ್ವಲ್ಪ ತಡಿಯೇ, ಫಸ್ಟ್ ಪ್ರೈಜು ನಿಂಗೇ ಬರೋ ಹಂಗಿದೆ" ಎಂದು ಮಿಸ್ಸು ಅವಳ ಕೈ ಹಿಡಿದರು. ಶಿವರಾಜ ಗಡಿಯಾರ ನೋಡಿಕೊಂಡ. ಚೈತನ್ಯ ಕೈ ಬಿಡಿಸಿಕೊಂಡು ಪರದೆಯ ಅಂಚಿಗೆ ಉಗುರು ಹಾಕಿದಳು. ಫೆವಿಕಾಲ್ ಕಚ್ಚಿಕೊಂಡಿತ್ತು. ಎಳೆದರೆ ಫಿಲಂ ಮಡಿಚಿಕೊಳ್ಳುತ್ತದೆಂದು ಹೆದರಿ ಸುತ್ತಲಿನ ರಟ್ಟನ್ನೇ ಸೀಳತೊಡಗಿದಳು. ಎಷ್ಟೋ ಸಂಜೆ ಕೂತು ಮಾಡಿದ್ದು ಚೂರುಚೂರಾಯಿತು. ಬೆನ್ನಿಗೆ ಶುಭವಿವಾಹ ಎಂಬ ಚಿನ್ನದ ಅಕ್ಷರ ಅಂಟಿಸಿಕೊಂಡೇ ಫಿಲಂ ಈಚೆ ಬಂತು. ಚೈತನ್ಯ ಚೂರುಗಳ ಕಡೆ ಹಿಂದಿರುಗಿ ನೋಡಲಿಲ್ಲ.

ತುಮಕೂರಿನ ದಾರಿಯುದ್ದಕ್ಕೂ ತಾತ ಅವಳ ಕಡೆ ತಿರುಗಲಿಲ್ಲ. ಇನ್ನು ಜನ್ಮದಲ್ಲಿ ತನ್ನನ್ನು ಮಾತಾಡಿಸುವುದಿಲ್ಲವೆಂದು ಅವಳಿಗೆ ಖಾತ್ರಿಯಾಯಿತು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಇನ್ನೂ ಇದ್ದರು. "ಕದರಯ್ಯ ಯಾರು?" ಎಂದು ನರ್ಸು ಕೂಗಿದಳು. ಮುದುಕ ಬೆಂಚು ಬಿಟ್ಟೇಳಲಿಲ್ಲ. ಶಿವರಾಜ ರಟ್ಟೆ ಹಿಡಿದರೆ ಕೊಡವಿಕೊಂಡ.

"ಕೂಸಿಗೆ ಯಾಕ್ಲಾ ಹೊಡ್ದೆ?" ಎಂದ. "ಅವ್ಳು ಕದೀಲಿಲ್ಲ. ನಾನೇ ಕೊಟ್ಟಿದ್ದು."

ಕದರಯ್ಯ ಮೊಮ್ಮಗಳ ಕಡೆ ಕೈ ಚಾಚಿದ.

"ನಂಗೆ ಭಯ ಆಯ್ತದೆ ಕಣವ್ವ" ಎಂದ. "ನೀನೂ ಬಾ ಒಳಿಕ್ಕೆ."