ಕಾಫಿ ಬೇಡವೆಂದ ಅಳಿಯ

ಸಾಯುವ ಮುಂಚೆ ಸಾತು ಗಂಡ ಓಸ್ಮೊನಿಂದ ಒಂದೇ ಮಾತು ತೆಗೆದುಕೊಂಡಿದ್ದಳು: ಸಿಗರೇಟು ಬಿಡಬೇಕು. ಓಸ್ಮೊ ಬಿಟ್ಟ. ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡ. ಕೈ ನಡುಗತೊಡಗಿತು, ಎದೆ ಡವಗುಟ್ಟಿತು, ನಿದ್ದೆ ಹಾರಿಹೋಯಿತು. ಹಿಮದ ನಾಡಿನ ಕೆಮಿ ಊರಿನಲ್ಲಿ ಎಲ್ಲದಕ್ಕೂ ಕಾಫಿಯೇ ಮದ್ದು; ಊರಿನವರೆಲ್ಲ ಅದು ದುಃಖ ಎಂದರು. ಕರೆದು ಕೂರಿಸಿ ಕಾಫಿ ಕೊಟ್ಟರು. ದುಃಖ ಹೆಚ್ಚಿತು.

ನರ್ಸ್ ಪೈವಿಗೆ ಪಟ್ಟಿ ಸಾಲುತ್ತಿಲ್ಲ ಅನಿಸಿತು. "ಕೆಲವರ ಲಿವರ್ ನಿಕೋಟಿನ್ನ ಗಬಗಬ ಖಾಲಿ ಮಾಡಿಬಿಡತ್ತೆ. ನಿಮ್ಮದೂ ಅಂಥ ಹೊಟ್ಟೆಬಾಕನೇ ಇರಬೇಕು," ಎಂದು ದೊಡ್ಡ ಪಟ್ಟಿ ಕೊಟ್ಟಳು. ನಡುಕ ನಿಲ್ಲಲಿಲ್ಲ.

ಮತ್ತೆ ಹೋದಾಗ ವಾಡಿಕೆಯಂತೆ ಕಾಫಿ ಕೊಟ್ಟಳು. ಅವನ ಕೈಯಲ್ಲಿ ಕಪ್ಪೂ ಸಾಸರೂ ಗಲಗಲ ಎಂದವು.

"ದಿನಕ್ಕೆ ಎಷ್ಟು ಕುಡೀತೀರಿ?"

"ಎಲ್ಲರ ಹಾಗೇ. ಎಣಿಸೋರ್ಯಾರು?"

ಪೈವಿ ಎದ್ದು ಬಾಗಿಲು ಮುಚ್ಚಿ ಬಂದಳು. "ಪಟ್ಟಿದೇನೂ ತಪ್ಪಿಲ್ಲ. ಹೊಗೆ ಒಳಗೆ ಹೋಗ್ತಿದ್ದಾಗ ನಿಮ್ಮ ಲಿವರ್ ಕಾಫೀನ ಬೇಗ ಕರಗಿಸ್ತಿತ್ತು. ಈಗ ನಿಧಾನ. ಬೆಳಿಗ್ಗೆ ಕುಡಿದದ್ದು ಸಂಜೆ ಆದ್ರೂ ಇಳಿದಿರಲ್ಲ. ಅರ್ಧಕ್ಕೆ ಇಳಿಸಿ."

"ಕಾಫೀನಾ?"

"ನಂಗೂ ಹೇಳೋಕೆ ನಾಲಿಗೆ ಹೊರಳಲ್ಲ."

ಭಾನುವಾರ ಅತ್ತೆ ಐಲಿಯ ಮನೆ. ಮಗಳು ಸಾತು ಹೋದ ಮೇಲೆ ಅವರಿಬ್ಬರ ನಡುವೆ ಮಾತಿರಲಿಲ್ಲ, ಕಾಫಿಯಿತ್ತು. ಅತ್ತೆ ಸುರಿಯುವುದು, ಇವನು ಕುಡಿಯುವುದು, ಕತ್ತಲಾದರೆ ಎದ್ದು ಬರುವುದು. ಉಳಿದ ನಂಟು ಅಷ್ಟೇ. ಅದಕ್ಕೇ ಅವನು ಕಪ್ಪಿನ ಮೇಲೆ ಕೈ ಅಡ್ಡ ಹಿಡಿದಾಗ ಐಲಿ ಕೆಟಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದರು.

"ಯಾರಾದ್ರೂ ಸಿಕ್ಕಿದ್ಲೇನಪ್ಪಾ?"

"ಇಲ್ಲ ಅತ್ತೆ."

"ಹಾಗಾದ್ರೆ ಕ್ಯಾನ್ಸರ್ರು."

"ಸಿಗರೇಟು ಬಿಟ್ಟೆನಲ್ಲ, ಲಿವರ್ ನಿಧಾನ ಆಗಿದೆಯಂತೆ. ಕಾಫಿ ಕರಗ್ತಿಲ್ಲ."

ಐಲಿ ಯೋಚಿಸಿದರು. ಹೊಗೆಯ ವಾಸನೆ ಆಗದೆ ಅಳಿಯನನ್ನು ವರ್ಷಗಟ್ಟಲೆ ಹೊರಗೆ ಹಿಮದಲ್ಲಿ ನಿಲ್ಲಿಸಿದ್ದವರು, ಏಲಕ್ಕಿ ಬನ್ನಿನ ಡಬ್ಬಿಯ ಹಿಂದಿನಿಂದ ತೀರಿಹೋದ ಗಂಡನ ಸಿಗರೇಟು ಪ್ಯಾಕು ತೆಗೆದು ಮೇಜಿನ ಮೇಲಿಟ್ಟರು. ಬೂದಿಗೆಂದು ಸಾಸರನ್ನೂ ಸರಿಸಿದರು.

"ಸೇದು. ಇಲ್ಲೇ, ಒಳಗೇ. ಸಾತುಗೆ ನಾನು ಹೇಳ್ಕೋತೀನಿ."

ಓಸ್ಮೊ ಪ್ಯಾಕನ್ನು ನೋಡಿದ. ಬಾಯಲ್ಲಿ ನೀರೂರಿತು. ಅತ್ತೆ ಒಂದು ಕೈಯಲ್ಲಿ ಕೆಟಲನ್ನು ಇನ್ನೂ ಅವನ ಕಪ್ಪಿನ ಮೇಲೇ ಹಿಡಿದಿದ್ದರು.

ಅವನು ಕಪ್ಪಿನ ಮೇಲಿಂದ ಕೈ ತೆಗೆದ. "ಅರ್ಧ ಹಾಕಿ."

ಐಲಿ ಅರ್ಧ ಸುರಿದು ನಿಲ್ಲಿಸಿದರು. ಈ ಮನೆಯಲ್ಲಿ ಯಾರೂ ಅಲ್ಲಿಗೆ ನಿಲ್ಲಿಸಿದ್ದಿಲ್ಲ.

"ಇನ್ನರ್ಧ?"

"ಬರೋ ಭಾನುವಾರಕ್ಕೆ ಇರಲಿ."

ಐಲಿ ಕೆಟಲಿಗೆ ಮುಚ್ಚಳ ಹಾಕಿದರು.